ಎರಡು ಆಟದ ಮಕ್ಕಳು ಯಾರ ಲೆಕ್ಕಕ್ಕೆ?

ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಇರುವ ನನ್ನ ಅಕ್ಕ ಒಂದು ದಿನ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿದಳು. ಅವಳ ಮಗಳು ಹೈಸ್ಕೂಲಿನ ಎರಡನೇ ವರ್ಷ, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತನೇ ತರಗತಿ, ಮುಗಿಸಿದ್ದಾಳೆ. ಆಗಸ್ಟಿನಿಂದ ನವೆಂಬರ್‌ವರೆಗೆ ವಾಲಿಬಾಲ್, ಫೆಬ್ರವರಿಯಿಂದ ಮೇವರೆಗೆ ಹೈಜಂಪ್. ಜೂನ್ 15ರ ರಾತ್ರಿ ಹನ್ನೆರಡು ಹೊಡೆದದ್ದೇ ತಡ, ಮಗಳ ಮೊಬೈಲಿಗೆ ಮೆಸೇಜುಗಳು ಬರತೊಡಗಿದವಂತೆ. ಮೊದಲ ಎರಡು ವಾಲಿಬಾಲ್ ಕೋಚ್‌ಗಳದ್ದು, ಮೂರನೆಯದು ಒಬ್ಬ ಟ್ರ್ಯಾಕ್, ಅಂದರೆ ಅಥ್ಲೆಟಿಕ್ಸ್, ಕೋಚ್‌ದು. ಎರಡನೇ ವರ್ಷ ಮುಗಿದ ಮೇಲೆ ಬರುವ ಆ ಜೂನ್ 15ರವರೆಗೆ ಕಾಲೇಜು ಕೋಚ್‌ಗಳು ಆ ಮಕ್ಕಳಿಗೆ ನೇರವಾಗಿ ಮೆಸೇಜ್ ಮಾಡುವಂತಿಲ್ಲ; ಬಹುಪಾಲು ಆಟಗಳಿಗೆ ಇದೇ ನಿಯಮ. ಅದಕ್ಕೇ ಗಡಿಯಾರ ನೋಡಿಕೊಂಡು ಕೂತಿರುತ್ತಾರೆ.

"ಏನೋ, ಎರಡು ಆಟ ಆಡಿದ್ರೆ ಎರಡು ಸ್ಕಾಲರ್‌ಶಿಪ್ ಕೊಡ್ತಾರಾ?" ಎಂದಳು ಅಕ್ಕ.

"ಇಲ್ಲಕ್ಕ, ಒಂದೇ."

"ಹಾಗಾದ್ರೆ ಇಬ್ಬರಲ್ಲಿ ಕೊಡೋದು ಯಾರು?"

ಅವಳ ಮೊದಲ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಾಕಾಯಿತು. ಎರಡನೆಯದಕ್ಕೆ ಒಂದು ಗಂಟೆ ಹಿಡಿಯಿತು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಎರಡು ಮೂರು ಆಟ ಬಲ್ಲ ಮಕ್ಕಳನ್ನು ಸೆಳೆದುಕೊಳ್ಳುವ ವ್ಯವಹಾರವೆಲ್ಲ ನಿಂತಿರುವುದು ಆ ಎರಡನೇ ಪ್ರಶ್ನೆಯ ಮೇಲೆ.

ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ನಮ್ಮಲ್ಲಿ ಸ್ಪೋರ್ಟ್ಸ್ ಕೋಟಾ ಎಂದರೆ ಆಡಿ ಗಳಿಸಿದ ಸರ್ಟಿಫಿಕೇಟು ತೋರಿಸಿ ಸೀಟು ಪಡೆಯುವುದು. ಸೀಟು ಸಿಕ್ಕ ಮೇಲೆ ಹುಡುಗ ಮೈದಾನಕ್ಕೆ ಇಳಿದನೋ ಇಲ್ಲವೋ ಎಂದು ಕೇಳುವವರು ಕಡಿಮೆ. ಅಲ್ಲಿ ಹಾಗಲ್ಲ. ಮುಂದೆ ಆಡಲಿರುವ ಆಟಕ್ಕಾಗಿ ಕೋಚ್ ತಾನೇ ಹುಡುಕಿಕೊಂಡು ಬರುತ್ತಾನೆ. ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕ ಎಲ್ಲ ಸೇರಿದ ಸ್ಕಾಲರ್‌ಶಿಪ್ಪು ಅವನ ತಂಡದ ಪಾಲಿನಿಂದ ಹೋಗುತ್ತದೆ. ತಂಡ ಸೋತರೆ ಅವನ ಕೆಲಸವೇ ಹೋಗಬಹುದು. ಹೀಗಿರುವಾಗ ತಾನು ಖರ್ಚು ಹಾಕಿ ತಂದ ಹುಡುಗ ವರ್ಷದ ಅರ್ಧ ಇನ್ನೊಬ್ಬ ಕೋಚ್‌ನ ಕೈಕೆಳಗೆ ಬೆವರು ಹರಿಸುತ್ತೇನೆ ಎಂದರೆ ಅವನ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ಯೋಚಿಸಿ.

ಆಂಟೋನಿಯೊ ಗೇಟ್ಸ್ ಕತೆಯಲ್ಲಿ ಇದು ಕಣ್ಣಿಗೆ ಕಟ್ಟಿದಂತಿದೆ. ಡೆಟ್ರಾಯಿಟ್‌ನ ಹುಡುಗ. ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್‌ನಲ್ಲೂ ಅಮೆರಿಕನ್ ಫುಟ್‌ಬಾಲ್‌ನಲ್ಲೂ ಮಿಂಚಿದವನು. ಎರಡೂ ಆಡಬಹುದು ಎಂಬ ಆಸೆಯಿಂದ ಮಿಷಿಗನ್ ಸ್ಟೇಟ್ ಸೇರಿದ. ಅಲ್ಲಿನ ಫುಟ್‌ಬಾಲ್ ಕೋಚ್ ನಿಕ್ ಸೇಬನ್ ಫುಟ್‌ಬಾಲ್ ಒಂದನ್ನೇ ಆಡಬೇಕೆಂದು ಪಟ್ಟು ಹಿಡಿದರು. ಸ್ಕಾಲರ್‌ಶಿಪ್ ಫುಟ್‌ಬಾಲಿನದ್ದು, ಆದ್ದರಿಂದ ಮಾತು ಕೋಚ್‌ದೇ ನಡೆಯಿತು. ಗೇಟ್ಸ್ ಬಿಟ್ಟು ಹೊರಟ. ಎರಡು ಕಾಲೇಜು ಸುತ್ತಿ ಕೊನೆಗೆ ಓಹಾಯೊದ ಕೆಂಟ್ ಸ್ಟೇಟ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ. 2002ರಲ್ಲಿ ಆ ತಂಡ ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರವರೆಗೆ ಹೋಯಿತು. ಕಾಲೇಜಿನಲ್ಲಿ ಒಂದೇ ಒಂದು ಫುಟ್‌ಬಾಲ್ ಪಂದ್ಯ ಆಡಲಿಲ್ಲ. ಆದರೂ 2003ರಲ್ಲಿ ಸ್ಯಾನ್ ಡಿಯೇಗೊ ಚಾರ್ಜರ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡ ಅವನನ್ನು ಡ್ರಾಫ್ಟ್‌ನ (ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಹೊರಗಿನಿಂದ ತೆಗೆದುಕೊಂಡಿತು. ಅವನು 116 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಪಡೆಯುವುದು) ಗಳಿಸಿದ, ಟೈಟ್ ಎಂಡ್ ಎಂಬ ದಾಳಿಯ ಸ್ಥಾನದಲ್ಲಿ ಆಡಿದವರಲ್ಲಿ ಅದು ದಾಖಲೆ. 2025ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಅವನ ಬ್ಯಾಸ್ಕೆಟ್‌ಬಾಲ್ ಹೆಜ್ಜೆಗಳು, ಎದುರಾಳಿಗೆ ಬೆನ್ನು ಕೊಟ್ಟು ಚೆಂಡಿಗೆ ಹಾರುವ ರೀತಿ, ಇವೇ ಫುಟ್‌ಬಾಲಿನಲ್ಲಿ ಅವನ ಬಂಡವಾಳವಾದವು. ಸೇಬನ್ ಮುಂದೆ ಕಾಲೇಜು ಫುಟ್‌ಬಾಲಿನ ಅತಿ ಯಶಸ್ವಿ ಕೋಚ್ ಆದವರು. ಅಂಥವರಿಗೂ ಅವತ್ತು ಆ ಹುಡುಗನನ್ನು ಹಂಚಿಕೊಳ್ಳುವ ಮನಸ್ಸು ಬರಲಿಲ್ಲ.

ಹಿಂದಿನ ಕಾಲ ಬೇರೆ ಇತ್ತು. ಜಾಕಿ ರಾಬಿನ್ಸನ್ 1940ರ ಆಸುಪಾಸಿನಲ್ಲಿ ಯುಸಿಎಲ್‌ಎ ಪರವಾಗಿ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್, ಟ್ರ್ಯಾಕ್ ನಾಲ್ಕನ್ನೂ ಆಡಿದರು. ಸಿರಾಕ್ಯೂಸ್‌ನಲ್ಲಿ ಜಿಮ್ ಬ್ರೌನ್ ಕೂಡ ನಾಲ್ಕು ಆಟದವರೇ, ಬಲೆ ಕಟ್ಟಿದ ಕೋಲಿನಿಂದ ಆಡುವ ಲ್ಯಾಕ್ರಾಸ್ ಸೇರಿ. ಆಗ ಒಂದು ಆಟದ ಋತು ಮುಗಿದರೆ ನಿಜವಾಗಿಯೂ ಮುಗಿಯುತ್ತಿತ್ತು.

ಈಗ ಲೆಕ್ಕದ ಪುಸ್ತಕಕ್ಕೆ ಬರೋಣ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಮೊದಲ ದರ್ಜೆಯ ಕಾಲೇಜುಗಳಲ್ಲಿ ಪ್ರತಿ ಆಟಕ್ಕೂ ಇಷ್ಟೇ ಸ್ಕಾಲರ್‌ಶಿಪ್ ಎಂದು ದಶಕಗಳ ಕಾಲ ಮಿತಿ ಹಾಕಿತ್ತು. ದೊಡ್ಡ ಫುಟ್‌ಬಾಲ್ ತಂಡಕ್ಕೆ 85, ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ 13, ಮಹಿಳೆಯರ ಬ್ಯಾಸ್ಕೆಟ್‌ಬಾಲ್‌ಗೆ 15, ಮಹಿಳೆಯರ ವಾಲಿಬಾಲ್‌ಗೆ 12. ಇವೆಲ್ಲ ತಲೆ ಎಣಿಸುವ ಆಟಗಳು: ಒಬ್ಬರಿಗೆ ಒಂದು ರೂಪಾಯಿ ಕೊಟ್ಟರೂ ಒಂದು ತಲೆ, ಪೂರ್ತಿ ಕೊಟ್ಟರೂ ಒಂದು ತಲೆ. ಹಾಗಾಗಿ ಪೂರ್ತಿಯೇ ಕೊಡುತ್ತಿದ್ದರು. ಉಳಿದವು ಹಂಚುವ ಆಟಗಳು. ಬೇಸ್‌ಬಾಲ್‌ಗೆ 11.7, ಪುರುಷರ ಟ್ರ್ಯಾಕ್‌ಗೆ 12.6, ಮಹಿಳೆಯರ ಟ್ರ್ಯಾಕ್‌ಗೆ 18. ಆ ದಶಮಾಂಶ ಕಂಡು ನಗಬೇಡಿ. ಎಷ್ಟೋ ಮನೆಗಳ ಸಾಲದ ಮೊತ್ತ ನಿರ್ಧಾರವಾಗಿರುವುದು ಅದರ ಮೇಲೆಯೇ. ಹನ್ನೊಂದು ಮುಕ್ಕಾಲೂ ತುಂಬದ ಸ್ಕಾಲರ್‌ಶಿಪ್ಪನ್ನು ಬೇಸ್‌ಬಾಲ್ ಕೋಚ್ ಸುಮಾರು ಮೂವತ್ತು ಹುಡುಗರಿಗೆ ಹರಿದು ಹಂಚಬೇಕಿತ್ತು. ಒಬ್ಬನಿಗೆ ಮೂರನೇ ಒಂದು ಪಾಲು, ಇನ್ನೊಬ್ಬನಿಗೆ ಕಾಲು ಪಾಲು. ಉಳಿದದ್ದನ್ನು ಅಪ್ಪ ಅಮ್ಮ ಕಟ್ಟಬೇಕಿತ್ತು.

ಇಲ್ಲಿ ಯಾವ ಕೋಚ್‌ಗಾದರೂ ಒಂದು ಉಪಾಯ ಹೊಳೆಯುತ್ತದೆ. ಫುಟ್‌ಬಾಲಿನ 85 ಜಾಗ ತುಂಬಿದೆ, ಇನ್ನೊಬ್ಬ ಒಳ್ಳೆಯ ಹುಡುಗ ಕಣ್ಣಿಗೆ ಬಿದ್ದಿದ್ದಾನೆ, ಜೋರಾಗಿ ಓಡುತ್ತಾನೆ. ಅವನನ್ನು ಟ್ರ್ಯಾಕ್ ಸ್ಕಾಲರ್‌ಶಿಪ್ಪಿನಲ್ಲಿ ಸೇರಿಸಿ ಫುಟ್‌ಬಾಲ್ ಆಡಿಸಿದರೆ? 86 ಆಯಿತು, ಕಾಗದದಲ್ಲಿ 85. ಇದನ್ನು ತಡೆಯಲು ಎನ್‌ಸಿಎಎ ಒಂದು ಆದ್ಯತೆಯ ಕ್ರಮ ಮಾಡಿತು. ಫುಟ್‌ಬಾಲ್‌ಗೆಂದು ರಿಕ್ರೂಟ್ ಆದ, ಸ್ಕಾಲರ್‌ಶಿಪ್ ಪಡೆಯುವ ಹುಡುಗ ಫುಟ್‌ಬಾಲಿನ ಜೊತೆ ಬೇರೆ ಯಾವ ಆಟ ಆಡಿದರೂ ಅವನು ಫುಟ್‌ಬಾಲಿನ ಲೆಕ್ಕಕ್ಕೇ ಸೇರಬೇಕಿತ್ತು. ಬ್ಯಾಸ್ಕೆಟ್‌ಬಾಲ್ ಆಡುವವನು ಫುಟ್‌ಬಾಲ್ ಬಿಟ್ಟು ಇನ್ನೇನು ಆಡಿದರೂ ಬ್ಯಾಸ್ಕೆಟ್‌ಬಾಲಿನ ಲೆಕ್ಕ. ಹಣ ಯಾವ ತಂಡದ ಹೆಸರಿನಲ್ಲಿ ಬಂದರೂ ತಲೆಯನ್ನು ದೊಡ್ಡ ಆಟದ ಸಾಲಿನಲ್ಲೇ ಎಣಿಸುತ್ತಿದ್ದರು.

ನಿಯಮದ ಉದ್ದೇಶ ನ್ಯಾಯವಾದದ್ದೇ. ಆದರೆ ಇದರಿಂದ ಸಣ್ಣ ಆಟದ ಕೋಚ್‌ಗಳಿಗೆ ಒಂದು ಅದೃಷ್ಟದ ಬಾಗಿಲು ತೆರೆಯಿತು. ಫುಟ್‌ಬಾಲ್ ಕೋಚ್ ಖರ್ಚು ಹಾಕಿ ತಂದ ಓಟಗಾರ ವಸಂತ ಋತುವಿನಲ್ಲಿ ಟ್ರ್ಯಾಕ್‌ಗೆ ಇಳಿದರೆ ಟ್ರ್ಯಾಕ್ ಕೋಚ್‌ಗೆ ಅವನು ಬಿಟ್ಟಿ. ಆರಿಗನ್‌ನಲ್ಲಿ ಡೆವನ್ ಆಲನ್ ಫುಟ್‌ಬಾಲ್ ತಂಡದಲ್ಲಿದ್ದುಕೊಂಡೇ 2014ರಲ್ಲಿ 110 ಮೀಟರ್ ಹರ್ಡಲ್ಸ್‌ನ ಕಾಲೇಜು ಚಾಂಪಿಯನ್ ಆದ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಐದನೆಯವನಾದ. ಟೆಕ್ಸಸ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ ಮಾರ್ಕೀಸ್ ಗುಡ್‌ವಿನ್ 2012ರ ಲಂಡನ್ ಒಲಿಂಪಿಕ್ಸ್‌ನ ಲಾಂಗ್‌ಜಂಪ್‌ನಲ್ಲಿ ಸ್ಪರ್ಧಿಸಿದ. ಫುಟ್‌ಬಾಲ್ ಕೋಚ್‌ಗೂ ಇದರಲ್ಲಿ ನಷ್ಟವಿಲ್ಲ, ಹುಡುಗನ ವೇಗ ಕಾಯ್ದುಕೊಳ್ಳುವ ಕೆಲಸವನ್ನು ಬೇರೆಯವರು ಮಾಡಿಕೊಡುತ್ತಾರೆ. ಎರಡು ಆಟದ ಜೋಡಿಗಳಲ್ಲಿ ಇವತ್ತಿಗೂ ಸಲೀಸಾಗಿ ನಡೆಯುವುದು ಇದೇ.

ಹೈಸ್ಕೂಲಿನ ಮಕ್ಕಳನ್ನು ನೋಡಲು ಬರುವಾಗ ಕೋಚ್‌ಗಳು ಎರಡು ಮೂರು ಆಟ ಆಡುವವರನ್ನೇ ಯಾಕೆ ಇಷ್ಟಪಡುತ್ತಾರೆ ಎಂಬುದಕ್ಕೆ ಗಟ್ಟಿ ಕಾರಣಗಳಿವೆ. ಜನವರಿಯ ಒಂದು ಸಂಜೆ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಹೋದರೆ ಗ್ಯಾಲರಿಯಲ್ಲಿ ಫುಟ್‌ಬಾಲ್ ಕೋಚ್ ಕೂತಿರುವುದನ್ನು ಕಾಣಬಹುದು. ಸ್ಕೋರ್ ಏನಾಯಿತು ಎಂಬುದು ಅವನಿಗೆ ಬೇಡ. ಹುಡುಗ ಹಿಮ್ಮುಖವಾಗಿ ಓಡುತ್ತಿದ್ದವನು ಥಟ್ಟನೆ ತಿರುಗುವಾಗ ಸೊಂಟ ಎಷ್ಟು ಬೇಗ ತಿರುಗಿತು, ರೀಬೌಂಡ್‌ಗೆ ಹಾರಿ ಇಳಿದು ಮತ್ತೆ ಹಾರಲು ಎಷ್ಟು ಹೊತ್ತು ಹಿಡಿಯಿತು, ಕೋಚ್ ಆಟದಿಂದ ಹೊರಗೆ ಕರೆದಾಗ ಮುಖ ಗಂಟು ಹಾಕಿಕೊಂಡನೋ ಟವೆಲ್ ಎತ್ತಿಕೊಂಡು ಗೆಳೆಯರಿಗೆ ಚಪ್ಪಾಳೆ ತಟ್ಟಿದನೋ, ಇದನ್ನೆಲ್ಲ ನೋಡುತ್ತಾನೆ. ತನ್ನದೇ ಆಟದ ವಿಡಿಯೊದಲ್ಲಿ ಇದು ಸಿಗುವುದಿಲ್ಲ, ಯಾಕೆಂದರೆ ಆ ವಿಡಿಯೊವನ್ನು ಹುಡುಗನ ಕಡೆಯವರು ಆರಿಸಿ ಜೋಡಿಸಿರುತ್ತಾರೆ. ಖೋಖೋದಲ್ಲಿ ಬಗ್ಗಿ ತಪ್ಪಿಸಿಕೊಳ್ಳುವ ಹುಡುಗಿಯನ್ನು ಕಂಡು ಇವಳು ಕಬಡ್ಡಿಗೂ ಆಗುತ್ತಾಳೆ ಎಂದು ನಮ್ಮ ಪಿಟಿ ಮೇಷ್ಟ್ರು ಹೇಳುತ್ತಿದ್ದರಲ್ಲ, ಅದೇ ಕಣ್ಣು.

ದೇಹದ ವಿಚಾರವೂ ಇದೆ. ಎಂಟನೇ ವಯಸ್ಸಿಗೇ ಒಂದೇ ಆಟಕ್ಕೆ ಬಿದ್ದು ವರ್ಷವಿಡೀ ಅದೇ ತೋಳು, ಅದೇ ಮೊಣಕಾಲು ಸವೆಸಿದ ಮಕ್ಕಳಲ್ಲಿ ಅತಿಬಳಕೆಯ ಗಾಯಗಳು ಹೆಚ್ಚು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರ ವರದಿಯಲ್ಲಿ 15–16ರ ವಯಸ್ಸಿನವರೆಗೆ ಒಂದೇ ಆಟಕ್ಕೆ ಕಟ್ಟುಬೀಳದಿರುವುದು ಒಳ್ಳೆಯದು ಎಂದು ಸಲಹೆ ಮಾಡಿತು. ಜಿಮ್ನಾಸ್ಟಿಕ್ಸ್‌ನಂಥ ಕೆಲವು ಆಟಗಳಿಗೆ ಈ ಮಾತು ಅಷ್ಟಾಗಿ ಹೊಂದುವುದಿಲ್ಲ, ಅಲ್ಲಿ ಬೇಗ ಶುರುಮಾಡದೆ ವಿಧಿಯಿಲ್ಲ. ಇನ್ನೊಂದನ್ನೂ ಮರೆಯಬಾರದು. ಹುಟ್ಟಾ ಪ್ರತಿಭೆಯಿರುವ ಹುಡುಗನನ್ನು ಸಣ್ಣ ಊರಿನ ಶಾಲೆಯಲ್ಲಿ ಎಲ್ಲ ತಂಡಕ್ಕೂ ಎಳೆದುಕೊಳ್ಳುತ್ತಾರೆ. ಹಾಗಾಗಿ ದೊಡ್ಡ ಆಟಗಾರರೆಲ್ಲ ಬಾಲ್ಯದಲ್ಲಿ ಎರಡು ಮೂರು ಆಟ ಆಡಿದ್ದರು ಎಂದಾಕ್ಷಣ ಆ ಆಟಗಳೇ ಅವರನ್ನು ದೊಡ್ಡವರನ್ನಾಗಿ ಮಾಡಿದವು ಎನ್ನಲಾಗದು. ಕೋಚ್‌ಗಳ ಈ ಒಲವನ್ನು ನಾನು ಒಪ್ಪುತ್ತೇನೆ. ನನಗೆ ನೋವಾಗುವುದು ಬೇರೆ ಕಡೆ: ಹೈಸ್ಕೂಲಿನಲ್ಲಿ ಯಾವ ಗುಣ ಮೆಚ್ಚಿ ಕರೆದುಕೊಂಡು ಹೋದರೋ, ಕಾಲೇಜಿಗೆ ಕಾಲಿಟ್ಟ ದಿನ ಅದನ್ನೇ ಬಿಡು ಎನ್ನುತ್ತಾರೆ.

ಬಿಡು ಎನ್ನುವುದರ ಹಿಂದೆ ಕ್ಯಾಲೆಂಡರ್ ಇದೆ. ಋತು ನಡೆಯುವಾಗ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮೀರಿ ಅಭ್ಯಾಸ ಮಾಡಿಸುವಂತಿಲ್ಲ ಎಂಬುದು ನಿಯಮ. ಆದರೆ ಪಂದ್ಯಕ್ಕೆ ಹೋಗಿ ಬರುವ ಪ್ರಯಾಣ, ಗಾಯಕ್ಕೆ ಮಾಡಿಸಿಕೊಳ್ಳುವ ಚಿಕಿತ್ಸೆ ಆ 20ರಲ್ಲಿ ಸೇರುವುದಿಲ್ಲ. ಶರತ್ಕಾಲದಲ್ಲಿ ಆಡುವ ಫುಟ್‌ಬಾಲ್‌ಗೆ ವಸಂತದಲ್ಲೂ 15 ಅಭ್ಯಾಸಗಳಿವೆ. ಮುಂದಿನ ವರ್ಷ ಯಾರು ಯಾವ ಸ್ಥಾನ ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ. ಬೇಸ್‌ಬಾಲ್ ಋತು ಫೆಬ್ರವರಿಯಿಂದ ಜೂನ್. ಅಂದರೆ ಬೇಸ್‌ಬಾಲ್ ಆಡಲು ಹೋದ ಕ್ವಾರ್ಟರ್‌ಬ್ಯಾಕ್ (ಫುಟ್‌ಬಾಲ್ ತಂಡದ ದಾಳಿಯನ್ನು ನಡೆಸುವ ಆಟಗಾರ) ತನ್ನ ಸ್ಥಾನಕ್ಕೆ ಪೈಪೋಟಿ ನಡೆಯುವಾಗ ಇನ್ನೊಂದು ಮೈದಾನದಲ್ಲಿರುತ್ತಾನೆ. ಪ್ಯಾಟ್ರಿಕ್ ಮಹೋಮ್ಸ್ ಟೆಕ್ಸಸ್ ಟೆಕ್‌ನಲ್ಲಿ ಬೇಸ್‌ಬಾಲ್ ತಂಡಕ್ಕೂ ಸೇರಿ, ಆಮೇಲೆ ಅದನ್ನು ಬಿಟ್ಟು ಫುಟ್‌ಬಾಲ್ ಒಂದನ್ನೇ ಉಳಿಸಿಕೊಂಡ. ಅವನ ತಂದೆ ಬೇಸ್‌ಬಾಲ್‌ನ ಮೇಜರ್ ಲೀಗ್‌ನಲ್ಲಿ ಪಿಚರ್ ಆಗಿದ್ದವರು ಎಂಬುದು ನೆನಪಿದ್ದರೆ ಆ ನಿರ್ಧಾರದ ತೂಕ ಗೊತ್ತಾಗುತ್ತದೆ.

ಬೇಸ್‌ಬಾಲ್‌ನ ಇನ್ನೊಂದು ತೊಡಕು ಡ್ರಾಫ್ಟ್. ಫುಟ್‌ಬಾಲ್ ಹುಡುಗ ಹೈಸ್ಕೂಲ್ ಮುಗಿಸಿ ಮೂರು ವರ್ಷ ಕಳೆಯದೆ ವೃತ್ತಿಪರ ಲೀಗ್‌ಗೆ ಹೋಗುವಂತಿಲ್ಲ. ಬೇಸ್‌ಬಾಲ್ ತಂಡಗಳು ಹೈಸ್ಕೂಲ್ ಮುಗಿಸಿದ ಹುಡುಗನನ್ನೇ ಎತ್ತಿಕೊಂಡು ಹೋಗಬಹುದು. ಎರಡೂ ಆಡುವವನನ್ನು ಫುಟ್‌ಬಾಲ್ ಕೋಚ್ ಡಿಸೆಂಬರ್‌ನಲ್ಲಿ ಸಹಿ ಹಾಕಿಸಿಕೊಂಡಿರುತ್ತಾನೆ. ಜುಲೈನಲ್ಲಿ ಡ್ರಾಫ್ಟ್ ನಡೆದು, ಹುಡುಗ ಬೇಸ್‌ಬಾಲ್‌ನ ಹಣ ಬೇಡವೆಂದು ಹೇಳುವವರೆಗೂ ಆ ಸಹಿಗೆ ಪೂರ್ತಿ ಭರವಸೆ ಇಲ್ಲ. ಕೈಲರ್ ಮರ್ರಿಯದು ಇದರ ತುತ್ತತುದಿ. ಒಕ್ಲಹೋಮದಲ್ಲಿ ಎರಡೂ ಆಡುತ್ತಿದ್ದ. 2018ರ ಜೂನ್‌ನಲ್ಲಿ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡ 9ನೆಯವನಾಗಿ ಆರಿಸಿ 46.6 ಲಕ್ಷ ಡಾಲರ್‌ಗೆ ಒಪ್ಪಂದ ಮಾಡಿಕೊಂಡಿತು, ಇನ್ನೊಂದು ವರ್ಷ ಫುಟ್‌ಬಾಲ್ ಆಡಲು ಬಿಟ್ಟಿತು. ಆ ಒಂದೇ ವರ್ಷದಲ್ಲಿ ಅವನು ಕಾಲೇಜು ಫುಟ್‌ಬಾಲಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದ. 2019ರ ಏಪ್ರಿಲ್‌ನಲ್ಲಿ ಫುಟ್‌ಬಾಲ್ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಅರಿಜೋನ ಕಾರ್ಡಿನಲ್ಸ್ ಸೇರಿದ. ಎರಡೂ ಲೀಗ್‌ಗಳ ಮೊದಲ ಸುತ್ತಿನಲ್ಲಿ ಆಯ್ಕೆಯಾದವನು ಅವನೊಬ್ಬನೇ.

ಒಂದು ಆಟದಲ್ಲಿ ಹಣ ಪಡೆದವನು ಇನ್ನೊಂದರಲ್ಲಿ ಕಾಲೇಜು ವಿದ್ಯಾರ್ಥಿಯಾಗಿ ಆಡಬಹುದೇ? ಎನ್‌ಸಿಎಎ ನಿಯಮ ಹೌದು ಎನ್ನುತ್ತದೆ. ಕ್ರಿಸ್ ವೈಂಕಿ ಆರು ವರ್ಷ ಕೆಳದರ್ಜೆಯ ವೃತ್ತಿಪರ ಬೇಸ್‌ಬಾಲ್ ಆಡಿ, ಫ್ಲೋರಿಡಾ ಸ್ಟೇಟ್‌ಗೆ ಬಂದು, 2000ರಲ್ಲಿ 28ನೇ ವಯಸ್ಸಿನಲ್ಲಿ ಹೈಸ್ಮನ್ ಗೆದ್ದ. ಆದರೆ ಈ ಹಣದ ಗೆರೆಯಲ್ಲಿ ಬಿದ್ದು ಪೆಟ್ಟು ತಿಂದವರೂ ಇದ್ದಾರೆ. ಆಬರ್ನ್‌ನಲ್ಲಿ ಫುಟ್‌ಬಾಲ್, ಬೇಸ್‌ಬಾಲ್ ಎರಡೂ ಆಡುತ್ತಿದ್ದ ಬೋ ಜಾಕ್ಸನ್ 1986ರಲ್ಲಿ ಟ್ಯಾಂಪಾ ಬೇ ಫುಟ್‌ಬಾಲ್ ತಂಡದ ಮಾಲೀಕರ ವಿಮಾನದಲ್ಲಿ ಒಂದು ಸಲ ಹೋಗಿಬಂದ. ಇದಕ್ಕೆ ಅನುಮತಿ ಇದೆ ಎಂದು ಅವನಿಗೆ ಹೇಳಲಾಗಿತ್ತು. ಅನುಮತಿ ಇರಲಿಲ್ಲ. ಕಾಲೇಜು ಬೇಸ್‌ಬಾಲ್‌ನ ಕೊನೆಯ ವರ್ಷ ಅರ್ಧಕ್ಕೇ ನಿಂತುಹೋಯಿತು. ತನ್ನನ್ನು ಬೇಕೆಂದೇ ಸಿಕ್ಕಿಸಿದರು ಎಂದು ನಂಬಿದ ಜಾಕ್ಸನ್, ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆರಿಸಿದ ಆ ತಂಡಕ್ಕೆ ಸಹಿ ಹಾಕಲೇ ಇಲ್ಲ, ಕಾನ್ಸಾಸ್ ಸಿಟಿ ರಾಯಲ್ಸ್ ಸೇರಿ ಬೇಸ್‌ಬಾಲ್‌ಗೆ ಹೋದ. ಕೊಲರಾಡೊದ ಜೆರೆಮಿ ಬ್ಲೂಮ್ ಇನ್ನೂ ವಿಚಿತ್ರ ಸಂಕಟ ಅನುಭವಿಸಿದ. ಅವನು ಒಲಿಂಪಿಕ್ಸ್‌ಗೆ ಹೋದ ಸ್ಕೀ ಆಟಗಾರ. ಸ್ಕೀ ತರಬೇತಿಯ ಖರ್ಚು ಹುಟ್ಟುತ್ತಿದ್ದದ್ದು ಜಾಹೀರಾತುಗಳಿಂದ. ಆ ಹಣ ತೆಗೆದುಕೊಂಡರೆ ಫುಟ್‌ಬಾಲ್ ಇಲ್ಲ ಎಂದಿತು ಎನ್‌ಸಿಎಎ. 2004ರಲ್ಲಿ ಕೊಲರಾಡೊದ ಮೇಲ್ಮನವಿ ನ್ಯಾಯಾಲಯದಲ್ಲೂ ಅವನು ಸೋತ.

2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನ ಹಣ ಗಳಿಸಬಹುದು. ಬ್ಲೂಮ್ ಹದಿನೇಳು ವರ್ಷ ತಡವಾಗಿ ಹುಟ್ಟಿದ್ದರೆ ಎಂದು ನನಗೆ ಆಗಾಗ ಅನಿಸುತ್ತದೆ.

ಅದಕ್ಕಿಂತ ದೊಡ್ಡ ಬದಲಾವಣೆ ಆದದ್ದು 2025ರಲ್ಲಿ. ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ ಹೌಸ್ ಪ್ರಕರಣದ (ಗ್ರಾಂಟ್ ಹೌಸ್ ಎಂಬ ಈಜುಗಾರ ಮತ್ತಿತರರು ಎನ್‌ಸಿಎಎ ವಿರುದ್ಧ ಹೂಡಿದ್ದ ಮೊಕದ್ದಮೆ) ರಾಜಿಯಂತೆ, ಜುಲೈ 1ರಿಂದ ಕಾಲೇಜುಗಳೇ ಆಟಗಾರರಿಗೆ ನೇರ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ರಾಜಿಗೆ ಒಪ್ಪಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಯಿತು, ಬದಲಿಗೆ ತಂಡದಲ್ಲಿ ಎಷ್ಟು ಜನ ಇರಬಹುದು ಎಂಬ ರೋಸ್ಟರ್ ಮಿತಿ ಬಂತು. ಫುಟ್‌ಬಾಲ್‌ಗೆ 105, ಬೇಸ್‌ಬಾಲ್‌ಗೆ 34, ಮಹಿಳೆಯರ ವಾಲಿಬಾಲ್‌ಗೆ 18, ಟ್ರ್ಯಾಕ್‌ಗೆ 45. ಬೇಸ್‌ಬಾಲ್ ಕೋಚ್ ಈಗ ಬಯಸಿದರೆ 34 ಜನಕ್ಕೂ ಪೂರ್ತಿ ಕೊಡಬಹುದು, ಕಾಲೇಜಿನ ಬೊಕ್ಕಸ ಒಪ್ಪಿದರೆ. ಹಾಗೆಂದು ಎರಡು ಆಟದವರಿಗೆ ಹಾದಿ ಸುಗಮವಾಯಿತು ಎಂದುಕೊಳ್ಳಬೇಡಿ. ಹಿಂದೆ ಹಣವಿಲ್ಲದೆ ತಂಡದಲ್ಲಿ ಉಳಿದುಕೊಳ್ಳುವ ಹುಡುಗರಿಗೆ ಬಾಗಿಲು ಅಗಲವಾಗಿತ್ತು. ಟ್ರ್ಯಾಕ್‌ಗೆ ಬಂದು ಹೋಗುವ ಫುಟ್‌ಬಾಲ್ ಹುಡುಗ ಯಾರ ಜಾಗವನ್ನೂ ಕಿತ್ತುಕೊಳ್ಳುತ್ತಿರಲಿಲ್ಲ. ಈಗ ಒಂದೊಂದು ಕುರ್ಚಿಯೂ ಎಣಿಕೆಯದು. ಅರ್ಧ ಋತು ಮಾತ್ರ ಬರುವವನಿಗೆ ಕುರ್ಚಿ ಕೊಡಲು ಕೋಚ್ ಎರಡು ಸಲ ಯೋಚಿಸುತ್ತಾನೆ. ಇನ್ನು ಕಾಲೇಜೇ ಹಣ ಕೊಟ್ಟು ಇಟ್ಟುಕೊಂಡ ಫುಟ್‌ಬಾಲ್ ಆಟಗಾರ ಬೇಸ್‌ಬಾಲ್‌ಗೆ ಹೋಗಿ ಭುಜ ಉಳುಕಿಸಿಕೊಂಡರೆ ಎಂಬ ಭಯ ಬೇರೆ.

ಈ ಲೆಕ್ಕವೇ ಇಲ್ಲದ ಜಾಗಗಳಲ್ಲಿ ಎರಡು ಆಟದ ಮಕ್ಕಳು ಇನ್ನೂ ನೆಮ್ಮದಿಯಾಗಿದ್ದಾರೆ. ಮೂರನೇ ದರ್ಜೆಯ, ಅಂದರೆ ಡಿವಿಜನ್ 3ರ ಕಾಲೇಜುಗಳು ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಓದಿಗೆ, ಮನೆಯ ಪರಿಸ್ಥಿತಿಗೆ ತಕ್ಕ ನೆರವು ಮಾತ್ರ. ಹಾಗಾಗಿ ಹುಡುಗ ಯಾವ ಕೋಚ್‌ನ ಸೊತ್ತೂ ಅಲ್ಲ. ಶರತ್ಕಾಲದಲ್ಲಿ ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟ), ವಸಂತದಲ್ಲಿ ಲ್ಯಾಕ್ರಾಸ್ ಆಡುವವರು ಅಲ್ಲಿ ಸಿಗುತ್ತಾರೆ. ಅಮೆರಿಕದ ನಮ್ಮವರ ಮನೆಗಳಲ್ಲಿ ಡಿವಿಜನ್ 3 ಎಂದರೆ ಮೂಗು ಮುರಿಯುವುದನ್ನು ಕೇಳಿದ್ದೇನೆ. ಮಗುವಿಗೆ ಎರಡು ಆಟವೂ ಬೇಕು ಎಂದಾದರೆ ಅಲ್ಲಿಂದಲೇ ಹುಡುಕಾಟ ಶುರುಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಕ್ಕನಿಗೆ ನಾನು ನಾರ್ತ್ ಕೆರೊಲೈನದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ಮಾತು ತೆಗೆದೆ. ಅಲ್ಲಿ ಜೂಲಿಯಸ್ ಪೆಪರ್ಸ್ ಫುಟ್‌ಬಾಲ್ ಸ್ಕಾಲರ್‌ಶಿಪ್ಪಿನಲ್ಲಿ ಬಂದು, ಬ್ಯಾಸ್ಕೆಟ್‌ಬಾಲ್‌ನಲ್ಲೂ ಆಡಿ, 2000ದಲ್ಲಿ ಫೈನಲ್ ಫೋರ್, ಅಂದರೆ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರವರೆಗೆ ಹೋದ ತಂಡದಲ್ಲಿದ್ದ. ಅವನು ಹೋದ ಮೇಲೆ ಅದೇ ಕ್ಯಾಂಪಸ್ಸಿನಲ್ಲಿ ನಮ್ಮ ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಗಣಿತ ಓದುತ್ತ 2006ರಲ್ಲಿ ಡಿಸ್ಕಸ್‌ನ ಕಾಲೇಜು ಚಾಂಪಿಯನ್ ಆದ. ವಿಕಾಸ್ ಡಿಸ್ಕಸ್ ಜೊತೆ ಶಾಟ್‌ಪುಟ್ಟನ್ನೂ ಎಸೆಯುತ್ತಿದ್ದ. ಎರಡೂ ಒಂದೇ ತಂಡ, ಒಂದೇ ಕೋಚ್ ಬಳಗ, ಒಂದೇ ಲೆಕ್ಕ, ಹಾಗಾಗಿ ತಕರಾರಿಲ್ಲ. ದೆಹಲಿಯ ತೇಜಸ್ವಿನ್ ಶಂಕರ್ ಶಾಲೆಯಲ್ಲಿ ವೇಗದ ಬೌಲರ್ ಆಗಿದ್ದವನು. ಹೈಜಂಪ್‌ಗೆ ಬಂದು, ಕಾನ್ಸಾಸ್ ಸ್ಟೇಟ್‌ನ ಸ್ಕಾಲರ್‌ಶಿಪ್ ಪಡೆದು 2018 ಮತ್ತು 2022ರಲ್ಲಿ ಕಾಲೇಜು ಚಾಂಪಿಯನ್ ಆದ. ಮುಂದೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹತ್ತು ಸ್ಪರ್ಧೆಗಳ ಡೆಕಾಥ್ಲಾನ್‌ನಲ್ಲಿ ಬೆಳ್ಳಿ ಗೆದ್ದ.

"ಅದೆಲ್ಲ ಸರಿ ಕಣೋ, ಇವಳು ಈಗ ಏನು ಕೇಳ್ಬೇಕು ಅದನ್ನ ಹೇಳು" ಎಂದಳು ಅಕ್ಕ.

ಹೇಳಿದೆ. ನೆರವಿನ ಪತ್ರ ಯಾವ ತಂಡದಿಂದ ಬರುತ್ತದೆ? ಎರಡನೇ ಆಟಕ್ಕೆ ಒಪ್ಪಿಗೆ ಇದೆ ಎಂಬುದನ್ನು ಬರಹದಲ್ಲಿ ಕೊಡುತ್ತಾರಾ? ವಾಲಿಬಾಲ್‌ನ ವಸಂತದ ಅಭ್ಯಾಸ ಮತ್ತು ಟ್ರ್ಯಾಕ್ ಮೀಟ್ ಒಂದೇ ವಾರ ಬಿದ್ದರೆ ಯಾವುದಕ್ಕೆ ಹೋಗಬೇಕು, ತೀರ್ಮಾನ ಯಾರದು? ಹೈಜಂಪ್‌ನಲ್ಲಿ ಪಾದ ಉಳುಕಿದರೆ ವಾಲಿಬಾಲ್‌ನ ಸ್ಕಾಲರ್‌ಶಿಪ್ ಏನಾಗುತ್ತದೆ? ಈಗ ಒಪ್ಪಿದ ಕೋಚ್ ಬೇರೆ ಕಾಲೇಜಿಗೆ ಹೋದರೆ ಮುಂದೆ ಬರುವವರು ಈ ಮಾತಿಗೆ ಕಟ್ಟುಬೀಳುತ್ತಾರಾ? ಕೊನೆಯದಾಗಿ, ಈಗ ಅವರ ತಂಡದಲ್ಲಿ ಎರಡು ಆಟ ಆಡುತ್ತಿರುವ ಹುಡುಗಿ ಯಾರಾದರೂ ಇದ್ದಾರಾ, ಇದ್ದರೆ ಅವಳ ಜೊತೆ ಹತ್ತು ನಿಮಿಷ ಮಾತಾಡಿಸುತ್ತಾರಾ?

ಫೋನ್ ಸ್ಪೀಕರ್‌ನಲ್ಲಿತ್ತು. ಅಕ್ಕನ ಮಗಳು ಫ್ರಿಜ್ ಮೇಲಿದ್ದ ಕ್ಯಾಲೆಂಡರ್ ಕಿತ್ತು ಅದರ ಹಿಂದೆ ಬರೆದುಕೊಳ್ಳುತ್ತಿದ್ದದ್ದು ಕೇಳಿಸುತ್ತಿತ್ತು. ಕೊನೆಯ ಪ್ರಶ್ನೆಗೆ ಅವಳು ಎರಡು ಗೆರೆ ಎಳೆದಳಂತೆ. ಆಮೇಲೆ ಮೂವರೂ ಕೋಚ್‌ಗಳಿಗೆ ಕಳಿಸಿದ ಮೊದಲ ಉತ್ತರದಲ್ಲಿ ಕೇಳಿದ್ದು ಅದೊಂದನ್ನೇ. ಇಬ್ಬರು ಇದರ ಬಗ್ಗೆ ನಿಧಾನವಾಗಿ ಮಾತಾಡೋಣ ಎಂದು ಬರೆದರು. ಟ್ರ್ಯಾಕ್ ಕೋಚ್ ಮಾತ್ರ ಮರುದಿನ ಬೆಳಿಗ್ಗೆಯೇ ತಮ್ಮ ತಂಡದ ಹೈಜಂಪ್ ಹುಡುಗಿಯ ಜೊತೆ ಮಾತಾಡಿಸಿದರಂತೆ. ಆ ಹುಡುಗಿ ವಾಲಿಬಾಲ್ ಅಭ್ಯಾಸ ಮುಗಿಸಿ ಬಂದವಳು, ಮೊಣಕಾಲಿಗೆ ಐಸ್ ಚೀಲ ಕಟ್ಟಿಕೊಂಡೇ ಫೋನ್‌ನಲ್ಲಿ ಮಾತಾಡಿದಳಂತೆ.